ಎರಡನೇ ಗುಂಡು ಬರುವಷ್ಟರಲ್ಲಿ

ಈ ಸಲದ ಕಂತು ಶುರುವಾಗಿದ್ದು ಒಂದು ಮೊಬೈಲ್ ಗೇಮ್‌ನಿಂದ.

ನನ್ನೂರು ಹೊಸಪೇಟೆ. ಹೋದ ತಿಂಗಳು ಊರಿಗೆ ಹೋಗಿದ್ದಾಗ ಚಿಕ್ಕಮ್ಮನ ಮಗ ಬಿಜಿಎಂಐ ಆಡ್ತಾ ಕೂತಿದ್ದ. ಆಟ ನಿಲ್ಲಿಸದೇ ಕೇಳಿದ: “ಅಣ್ಣಾ, ಈ ಎಕೆಎಂ ನಳಿಕೆ ಮೇಲೆ ಇನ್ನೊಂದು ಸಣ್ಣ ಪೈಪ್ ಯಾಕೈತೆ?”

ಒಳ್ಳೆ ಪ್ರಶ್ನೆ. ಗುಂಡು ನಳಿಕೆಯೊಳಗೆ ಓಡುವಾಗ ಅದರ ಹಿಂದೆ ಬಿಸಿ ಅನಿಲ ನುಗ್ಗುತ್ತಿರುತ್ತದೆ. ನಳಿಕೆಯಲ್ಲಿ ಒಂದು ಸಣ್ಣ ತೂತು ಇರುತ್ತೆ. ಅದರ ಮೇಲೆ ಕೂರುವ ಲೋಹದ ತುಂಡೇ ಗ್ಯಾಸ್ ಬ್ಲಾಕ್. ಆ ತೂತಿನಿಂದ ಸ್ವಲ್ಪ ಅನಿಲ ಮೇಲೆ ಬಂದು ಪಿಸ್ಟನ್ ಅನ್ನು ಹಿಂದಕ್ಕೆ ತಳ್ಳುತ್ತದೆ, ಖಾಲಿ ಕಾಟ್ರಿಜ್ ಹೊರಗೆ ಬೀಳುತ್ತದೆ, ಹೊಸದು ಒಳಗೆ ಕೂರುತ್ತದೆ. ನಮ್ಮ ಸೇನೆಯ ಇನ್ಸಾಸ್ ರೈಫಲ್ ನಡೆಯುವುದೂ ಅನಿಲದಿಂದಲೇ. ತೂತಿಗೂ ಬ್ಲಾಕ್‌ಗೂ ನೇರ ಹೊಂದಿಕೆಯಾಗಲಿಲ್ಲ ಅಂದ್ರೆ ಮೊದಲ ಗುಂಡು ಹಾರುತ್ತೆ, ಎರಡನೆಯದು ತಾನಾಗಿ ಬರಲ್ಲ.

ಅವನಿಗೆ ಇಷ್ಟು ಹೇಳಿ ಸುಮ್ಮನಾದೆ. ಆದರೆ ‘ಎರಡನೆಯದು ಬರಲ್ಲ’ ಅನ್ನೋ ಮಾತು ನನ್ನ ತಲೆಯಲ್ಲೇ ಉಳೀತು. ಯಾಕಂದ್ರೆ ನಾವು ಕೂತಿದ್ದ ಜಾಗದಿಂದ ಹನ್ನೆರಡು-ಹದಿಮೂರು ಕಿಲೋಮೀಟರ್ ದೂರದಲ್ಲಿ ಹಂಪಿ ಇದೆ. ಆ ಊರಿನ ಏಳುಬೀಳಿನಲ್ಲಿ ಈ ಎರಡನೇ ಗುಂಡಿನ ಪಾತ್ರ ದೊಡ್ಡದು.

ಮೊದಲು ಪದಗಳ ಬಗ್ಗೆ ಒಂದು ಮಾತು, ನನಗೆ ಇದು ಇಷ್ಟ. ಕೋವಿ ಅಂದ್ರೆ ಮೂಲದಲ್ಲಿ ಕೊಳವೆ. ತುಪಾಕಿ ತುರ್ಕಿ ಕಡೆಯಿಂದ ಬಂದ ಪದ. ಬಂದೂಕು ಅರಬ್ಬರ ಕಡೆಯದು. ಫಿರಂಗಿ ಅಂದ್ರೆ ‘ಫ್ರಾಂಕರದ್ದು’, ಅಂದ್ರೆ ಯುರೋಪಿನವರದ್ದು. ಮದ್ದುಗುಂಡು ನಮ್ಮ ನಾಡಿಗೆ ಯಾವ್ಯಾವ ದಾರಿಯಲ್ಲಿ ಬಂತು ಅನ್ನೋದನ್ನ ಭಾಷೆಯೇ ಬರೆದಿಟ್ಟುಕೊಂಡಿದೆ. ಕಂಪ್ಲಿಯ ಕಂಪಿಲಿರಾಯ 1327ರ ಆಸುಪಾಸಿನಲ್ಲಿ ತುಘಲಕ್ ಸೈನ್ಯದ ಎದುರು ಸೋತಾಗ ಇವು ಯಾವುವೂ ರಣರಂಗದಲ್ಲಿ ಇರಲಿಲ್ಲ. ಇನ್ನೂರು ವರ್ಷ ಕಳೆಯುವಷ್ಟರಲ್ಲಿ ಎಲ್ಲ ಬದಲಾಗಿತ್ತು.

ಆ ಕಾಲದ ಕೋವಿ ಹೇಗೆ ನಡೀತಿತ್ತು ಅಂದ್ರೆ: ನಳಿಕೆಯ ಬಾಯಿಂದ ಮದ್ದು ಸುರಿಯಬೇಕು, ಗುಂಡು ಹಾಕಬೇಕು, ಕೋಲಿನಿಂದ ಜಡಿಯಬೇಕು. ಬದಿಯಲ್ಲಿ ಒಂದು ಸಣ್ಣ ತೂತು, ಅದರ ಪಕ್ಕದ ಬಟ್ಟಲಿಗೆ ಚಿಟಿಕೆ ಪುಡಿ. ಉರಿಯುವ ಬತ್ತಿ ಅಲ್ಲಿಗೆ ಮುಟ್ಟಿದರೆ ಕಿಡಿ ತೂತಿನ ಮೂಲಕ ಒಳಗೆ ಹೋಗುತ್ತೆ. ಆ ತೂತಿಗೆ ಮಸಿ ಕಟ್ಟಿಕೊಂಡಿದ್ದರೆ ಬಟ್ಟಲಿನ ಪುಡಿ ಮಾತ್ರ ಭುಸ್ ಅನ್ನುತ್ತೆ, ಅಷ್ಟೇ. ಎಲ್ಲ ಸರಿಯಿದ್ದರೂ ಮುಂದಿನ ಗುಂಡಿಗೆ ಅರ್ಧ ನಿಮಿಷಕ್ಕಿಂತ ಹೆಚ್ಚೇ ಬೇಕು. ದೊಡ್ಡ ಫಿರಂಗಿಗೆ ಇನ್ನೂ ಎಷ್ಟೋ ಹೆಚ್ಚು. ಅಷ್ಟರಲ್ಲಿ ಕುದುರೆ ಎಷ್ಟು ದೂರ ಓಡಬಹುದು, ನೀವೇ ಲೆಕ್ಕ ಹಾಕಿ.

ಈಗ 1520, ಮೇ ತಿಂಗಳು. ರಾಯಚೂರು ಕೋಟೆಗಾಗಿ ಕೃಷ್ಣದೇವರಾಯ ಮತ್ತು ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹ ಎದುರುಬದುರಾದರು. ಇದನ್ನು ವಿವರವಾಗಿ ಬರೆದಿಟ್ಟವನು ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವ್ ನೂನಿಜ್. ವಿಜಯನಗರದ ಕಡೆ ಏಳು ಲಕ್ಷ ಕಾಲಾಳು ಅಂತಾನೆ ಅವನು; ಅದನ್ನ ನಂಬೋದು ಕಷ್ಟ. ಆದರೆ ಯುದ್ಧದ ನಡೆ ಮಾತ್ರ ಸ್ಪಷ್ಟವಾಗಿದೆ. ಆದಿಲ್ ಶಾಹ ತನ್ನ ಫಿರಂಗಿಗಳನ್ನೆಲ್ಲ ಒಟ್ಟಿಗೇ ಹಾರಿಸಿಬಿಟ್ಟ. ರಾಯರ ಮುಂದಿನ ಸಾಲು ಚೆಲ್ಲಾಪಿಲ್ಲಿಯಾಗಿ ಹಿಂದೆ ಓಡಿತು. ಆಗ ರಾಯ ತಾನೇ ಕುದುರೆ ಏರಿ ಎರಡನೇ ಸಾಲನ್ನು ನುಗ್ಗಿಸಿದ. ಫಿರಂಗಿಗಳಿಗೆ ಮತ್ತೆ ಮದ್ದು ತುಂಬೋಕೆ ಪುರುಸೊತ್ತೇ ಸಿಗಲಿಲ್ಲ. ಬಿಜಾಪುರದ ಸೈನ್ಯ ಕೃಷ್ಣಾ ನದಿಯವರೆಗೂ ಓಡಿತು. ನೂನಿಜ್ ಲೆಕ್ಕದಲ್ಲಿ ರಾಯರಿಗೆ ಸಿಕ್ಕಿದ್ದು 400 ದೊಡ್ಡ ಫಿರಂಗಿ, 900 ಫಿರಂಗಿ ಬಂಡಿ, 4,000 ಕುದುರೆ, 100 ಆನೆ.

ಕೋಟೆ ಮಾತ್ರ ಇನ್ನೂ ಬಿದ್ದಿರಲಿಲ್ಲ. ಆಗ ಬಂದವನು ಕ್ರಿಸ್ತೊವಾವ್ ದೆ ಫಿಗೆರೇದು, ಜೊತೆಗೆ ಕೋವಿ ಹಿಡಿದ 20 ಪೋರ್ಚುಗೀಸರು. ಗೋಡೆ ಮೇಲಿನ ಕಾವಲುಗಾರರು ಅಲ್ಲಿಯವರೆಗೆ ಭಯವಿಲ್ಲದೆ ತಲೆ ಎತ್ತಿ ನಿಲ್ಲುತ್ತಿದ್ದರು. ಇವರು ಗುರಿಯಿಟ್ಟು ಹೊಡೆಯೋಕೆ ಶುರು ಮಾಡಿದ ಮೇಲೆ ಗೋಡೆ ಖಾಲಿಯಾಯಿತು, ಕೆಳಗಿನವರು ಕಲ್ಲು ಕಿತ್ತರು. ಏನಾಗ್ತಿದೆ ಅಂತ ಇಣುಕಿದ ಕೋಟೆಯ ಅಧಿಪತಿಯ ಹಣೆಗೇ ಗುಂಡು ಬಿತ್ತು. ಕೋಟೆ ಶರಣಾಯಿತು. (ಇದೇ ಫಿಗೆರೇದು, ಡೊಮಿಂಗೊ ಪಾಯೆಸ್ ಜೊತೆ ರಾಯರನ್ನು ಭೇಟಿಯಾಗಿದ್ದು ಆಗ ಹೊಸದಾಗಿ ಕಟ್ಟಿದ್ದ ನಾಗಲಾಪುರದಲ್ಲಿ. ಅಂದ್ರೆ ನಮ್ಮ ಹೊಸಪೇಟೆಯಲ್ಲೇ! ಉಡುಗೊರೆಯಾಗಿ ಸಂಗೀತದ ಆರ್ಗನ್ ತಂದಿದ್ದನಂತೆ.)

ಇಲ್ಲಿ ಇತಿಹಾಸಕಾರ ರಿಚರ್ಡ್ ಈಟನ್ ಒಂದು ಚುರುಕಾದ ವಾದ ಇಡುತ್ತಾರೆ. ಗೆದ್ದ ವಿಜಯನಗರ ‘ಕುದುರೆ ಇದ್ದರೆ ಸಾಕು’ ಅಂದುಕೊಂಡಿತು. ಸೋತ ಬಿಜಾಪುರ ಕೂತು ಕಲಿಯಿತು, ಕೋಟೆಗಳಿಗೆ ಫಿರಂಗಿ ತಿರುಗಿಸುವ ಬುರುಜುಗಳನ್ನು ಕಟ್ಟಿತು ಅಂತ. ನಾನು ಇದನ್ನು ಪೂರ್ತಿ ಒಪ್ಪಲ್ಲ. ಪಾಯೆಸ್ ನೋಡಿದ ಮಹಾನವಮಿ ಮೆರವಣಿಗೆಯಲ್ಲೇ ಕೋವಿಯವರ ದಂಡಿತ್ತು, 1565ರಲ್ಲೂ ರಾಮರಾಯನ ಬಳಿ ಫಿರಂಗಿ, ಬಾಣಗಳಿದ್ದವು. ಇರಲಿಲ್ಲ ಅನ್ನೋದು ತಪ್ಪು. ಬಳಸಿದ ರೀತಿಯಲ್ಲಿ ವ್ಯತ್ಯಾಸವಿತ್ತು, ಅಲ್ಲಿ ಈಟನ್ ಮಾತು ನಿಲ್ಲುತ್ತೆ.

1565, ಜನವರಿ 23. ತಾಳಿಕೋಟೆ ಅಥವಾ ರಕ್ಕಸತಂಗಡಿ ಅಂತ ನಾವು ಓದಿದ ಯುದ್ಧ. ಅಹ್ಮದ್‌ನಗರದ ಹುಸೇನ್ ನಿಜಾಮ್ ಶಾಹನ ಫಿರಂಗಿ ಅಧಿಕಾರಿ ಚೆಲೆಬಿ ರೂಮಿ ಖಾನ್. ಫೆರಿಶ್ತಾ ಬರೆಯುವಂತೆ ಇವನು 600 ತೋಪುಗಳನ್ನು ಮೂರು ಸಾಲಾಗಿ ನಿಲ್ಲಿಸಿದ: ಮುಂದೆ ದೊಡ್ಡವು, ಅದರ ಹಿಂದೆ ಚಿಕ್ಕವು, ಕೊನೆಗೆ ತಿರುಗಿಸಬಹುದಾದ ಸಣ್ಣ ತೋಪುಗಳು. ಎದುರಿಗೆ ಬಿಲ್ಲುಗಾರರ ಮರೆ. ವಿಜಯನಗರದವರು ಹತ್ತಿರ ಬಂದಾಗ ಬಿಲ್ಲುಗಾರರು ಸರಿದರು. ಮತ್ತೂ ನುಗ್ಗಿ ಬಂದವರಿಗೆ ಗುಂಡಿನ ಬದಲು ತಾಮ್ರದ ಕಾಸುಗಳ ಚೀಲ ತುಂಬಿಸಿ ಹಾರಿಸಿದರು. ರಾಯಚೂರಿನಲ್ಲಿ ಕುದುರೆಗಳಿಗೆ ಸಿಕ್ಕಿದ್ದ ಬಿಡುವು ಇಲ್ಲಿ ಸಿಗಲಿಲ್ಲ. ಸೆರೆಸಿಕ್ಕ ರಾಮರಾಯನ ತಲೆ ಕಡಿದರು. ಹಂಪಿಯ ಕಥೆ ನಿಮಗೆ ಗೊತ್ತೇ ಇದೆ.

ಸಂಡೂರಿನ ಗೆಳೆಯರು ಯಾವಾಗಲೂ ಕೇಳ್ತಾರೆ: ಇಷ್ಟು ಕಬ್ಬಿಣ ಪಕ್ಕದಲ್ಲೇ ಇಟ್ಕೊಂಡು ಹಿಂದೆ ಬಿದ್ದರಾ? ಆದರೆ ಅದಿರು ಇದ್ದರೆ ಫಿರಂಗಿ ಇದ್ದ ಹಾಗಲ್ಲ. ಈಗ ವಿಜಯಪುರದ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ಕಬ್ಬಿಣದ್ದೇ ಅಲ್ಲ, ಕಂಚಿನ ಎರಕ. 1549ರಲ್ಲಿ ಅಹ್ಮದ್‌ನಗರದಲ್ಲಿ ಅದನ್ನು ಎರಕ ಹೊಯ್ದವನು ಮುಹಮ್ಮದ್ ಬಿನ್ ಹಸನ್ ರೂಮಿ. ಎರಕದವನು, ಮದ್ದು ಅಳೆಯುವವನು, ಯಾವ ಸಾಲು ಯಾವಾಗ ಹಾರಿಸಬೇಕು ಅಂತ ಬಲ್ಲವನು, ಇವರನ್ನು ಯಾರು ಸಂಬಳ ಕೊಟ್ಟು ಇಟ್ಟುಕೊಂಡಿದ್ದರು ಅನ್ನೋದೇ ನಿಜವಾದ ಪ್ರಶ್ನೆ.

ಚಿಕ್ಕಮ್ಮನ ಮಗನಿಗೆ ಇದನ್ನೆಲ್ಲ ಹೇಳಿದೆ. “ಅಂದ್ರೆ ರಿಲೋಡ್ ಟೈಮ್‌ನಲ್ಲಿ ರಶ್ ಮಾಡಿ ಒಂದು ಸಲ ಗೆದ್ರು, ಇನ್ನೊಂದು ಸಲ ಸತ್ರು, ಅಲ್ವಾ ಅಣ್ಣಾ?” ಅಂದ. ಹೌದಪ್ಪ, ನಡುವೆ 45 ವರ್ಷ ಇತ್ತು ಅಂದೆ.