ಫರ್ಮ್‌ವೇರ್ ಮತ್ತು ವಿಶೇಷ ಚಿಪ್‌ಗಳ ಸಂರಕ್ಷಣೆ

ಹಳೆಯ ಗಣಕ, ಆಟದ ಯಂತ್ರ, ಸಿಂಥಸೈಜರ್ ಮೊದಲಾದವುಗಳ ಚಿಪ್‌ಗಳಲ್ಲಿ ಬರೆದಿಟ್ಟ ತಂತ್ರಾಂಶವನ್ನೂ, ಅವುಗಳಿಗೆಂದೇ ತಯಾರಾಗಿ ಈಗ ಉತ್ಪಾದನೆ ನಿಂತಿರುವ ಚಿಪ್‌ಗಳನ್ನೂ ಉಳಿಸಿಕೊಳ್ಳುವ ಕೆಲಸ. ಕೆಪಾಸಿಟರ್ ಕೆಟ್ಟರೆ ಹೊಸದು ಹಾಕಬಹುದು. ಇವಕ್ಕೆ ಅಂಗಡಿಯಲ್ಲಿ ಬದಲಿ ಸಿಗದು.

1970–80ರ ದಶಕಗಳ ಅನೇಕ ಸಾಧನಗಳ ಫರ್ಮ್‌ವೇರ್ ಇರುವುದು ಇಪ್ರಾಮ್‌ನಲ್ಲಿ. ಇಂಟೆಲ್‌ನ ಡೋವ್ ಫ್ರೋಮನ್ 1971ರಲ್ಲಿ ರೂಪಿಸಿದ ಈ ಚಿಪ್‌ನಲ್ಲಿ ಮಾಹಿತಿ ವಿದ್ಯುದಾವೇಶವಾಗಿ ನಿಂತಿರುತ್ತದೆ. ದಶಕಗಳು ಕಳೆದಂತೆ ಅದು ಸೋರಬಹುದು. ಬೆಳಕಿನಿಂದ ಮಾಹಿತಿ ಅಳಿಸಲೆಂದು ಚಿಪ್‌ಗಿರುವ ಕ್ವಾರ್ಟ್ಜ್ ಕಿಟಕಿಯ ಮೇಲಿನ ಚೀಟಿ ಕಿತ್ತುಹೋದರೆ ನೇರ ಬಿಸಿಲಿನಲ್ಲಿ ಸುಮಾರು ಒಂದು ವಾರದಲ್ಲಿ, ಟ್ಯೂಬ್‌ಲೈಟ್ ಬೆಳಕಿನಲ್ಲಿ ಸುಮಾರು 3 ವರ್ಷಗಳಲ್ಲಿ ಎಲ್ಲ ಅಳಿಸಿಹೋಗುತ್ತದೆ. ಆದ್ದರಿಂದ ರಿಪೇರಿಗೆ ಕೈಹಾಕುವ ಮೊದಲೇ ಚಿಪ್ಪನ್ನು ಹಲವು ಸಲ ಓದಿ, ಪ್ರತಿಗಳನ್ನು ಚೆಕ್‌ಸಮ್‌ನಿಂದ ತಾಳೆ ನೋಡುವುದು ರೂಢಿ. ಪ್ರತಿ ಓದಿಗೂ ಬೇರೆ ಬೈಟ್‌ಗಳು ಬಂದರೆ ಆವೇಶ ಕುಂದಿರಬಹುದು ಎಂದರ್ಥ.

ಪ್ರತಿ ತೆಗೆದರೂ ಸಾಲದ ಪ್ರಸಂಗಗಳಿವೆ. ಜಪಾನಿನ ಕ್ಯಾಪ್‌ಕಾಮ್ 1993ರಲ್ಲಿ ತಂದ ಸಿಪಿಎಸ್-2 ಆಟದ ಬೋರ್ಡುಗಳಲ್ಲಿ ಆಟದ ಪ್ರೋಗ್ರಾಂ ಸಂಕೇತ ಗೂಢಲಿಪಿಯಲ್ಲಿತ್ತು. ಅದನ್ನು ಬಿಡಿಸುವ ಕೀಲಿ ಬ್ಯಾಟರಿಯ ಬಲದಲ್ಲಿ ಉಳಿಯುವ ನೆನಪಿನಲ್ಲಿತ್ತು. ಬ್ಯಾಟರಿ ಸತ್ತರೆ ಬೋರ್ಡೂ ಸತ್ತಂತೆ. ನಕಲು ತಡೆಯಲು ಹೂಡಿದ ಉಪಾಯ ಹಣ ಕೊಟ್ಟು ಕೊಂಡವರನ್ನೇ ಹೊಡೆಯಿತು. ಆಂಡ್ರಿಯಾಸ್ ನೈವ್ ಮತ್ತು ಆಟದ ಯಂತ್ರಗಳನ್ನು ಅನುಕರಿಸುವ ಮೇಮ್ ತಂತ್ರಾಂಶ ಯೋಜನೆಯ ಸ್ಥಾಪಕ ನಿಕೋಲಾ ಸಾಲ್ಮೋರಿಯಾ 2007ರಲ್ಲಿ ಈ ಗೂಢಲಿಪಿಯನ್ನು ಭೇದಿಸಿದರು. ಸತ್ತ ಬೋರ್ಡಿಗೆ ಮೂಲ ಕೀಲಿಯನ್ನು ಮತ್ತೆ ತುಂಬುವ ವಿಧಾನ ಸಾರ್ವಜನಿಕವಾದದ್ದು 2016ರಲ್ಲಿ.

ಅನಲಾಗ್ ಚಿಪ್‌ಗಳದು ಇನ್ನೂ ಕಠಿಣ ಸಮಸ್ಯೆ. 1982ರ ಕೊಮೊಡೋರ್ 64 ಗಣಕಕ್ಕಾಗಿ ರಾಬರ್ಟ್ ಯಾನೆಸ್ ವಿನ್ಯಾಸಗೊಳಿಸಿದ ‘ಸಿಡ್’ 6581 ಮೂರು ಸ್ವರಗಳ ಧ್ವನಿ ಚಿಪ್. ಮುಪ್ಪಾದ ವಿದ್ಯುತ್ ಅಡಾಪ್ಟರ್ 5 ವೋಲ್ಟ್‌ಗಿಂತ ಹೆಚ್ಚು ಹರಿಸಿ ಈ ಗಣಕದ ಚಿಪ್‌ಗಳನ್ನು ಸುಡುವುದು ಸಾಮಾನ್ಯ. ಸಿಡ್ ಸುಟ್ಟರೆ ಬರಿಯ ತರ್ಕವನ್ನು ನಕಲಿಸಿ ಪ್ರಯೋಜನವಿಲ್ಲ. ಅದರ ಫಿಲ್ಟರ್ ಒಂದೊಂದು ಚಿಪ್‌ನಲ್ಲಿ ಒಂದೊಂದು ಬಗೆಯಾಗಿ ನುಡಿಯುತ್ತದೆ. ಮುಂದೆ ಬಂದ 8580 ಮಾದರಿಯಲ್ಲಿ ಕೆಲವು ದೋಷಗಳನ್ನು ತಿದ್ದಲಾಯಿತು. ಆದರೆ ಅವುಗಳಲ್ಲೊಂದನ್ನೇ ನೆಚ್ಚಿ ಮಾತು, ಡ್ರಮ್ ದನಿ ಹೊರಡಿಸುತ್ತಿದ್ದ ಆಟಗಳಲ್ಲಿ ಆ ದನಿಗಳು ಹೊಸ ಚಿಪ್‌ನಲ್ಲಿ ಬಹುಪಾಲು ಅಡಗಿಹೋದವು. ಆ ಕಾರಣಕ್ಕೇ ಇಂದಿನ ಅನುಕರಣ ತಂತ್ರಾಂಶಗಳು ಎರಡೂ ಮಾದರಿಗಳನ್ನು ಬೇರೆಬೇರೆಯಾಗಿ ಒದಗಿಸುತ್ತವೆ. ಕೆಲವು 6581ರ ಫಿಲ್ಟರನ್ನು ಕೇಳುಗರೇ ಹದ ಮಾಡಿಕೊಳ್ಳಲು ಬಿಡುತ್ತವೆ.