ಇರುಳ ಕ್ಯಾಟ್‌ಫಿಶ್ ಬೇಟೆಯ ದೋಣಿ: ಮಿಸಿಸಿಪ್ಪಿ ಸೀಮೆಯ ಒಂದು ಕಸುಬಿನ ಚರಿತ್ರೆ

ಅಮೆರಿಕದ ಮಿಸಿಸಿಪ್ಪಿ, ಮಿಸೌರಿ, ಒಹಾಯೊ ನದಿಗಳಲ್ಲಿ ರಾತ್ರಿ ಕ್ಯಾಟ್‌ಫಿಶ್ ಹಿಡಿಯಲು ಹೊರಡುವ ದೋಣಿಗೆ ಇಂದು ಇರುವ ಸಜ್ಜು ಬಹಳ ಹಳೆಯದಲ್ಲ. ಇಪ್ಪತ್ತನೆಯ ಶತಮಾನದ ನಡುಭಾಗದವರೆಗೂ ಅದು ಹೆಚ್ಚುಕಡಿಮೆ ಬರಿದೋಣಿ: ಹುಟ್ಟು, ಲಾಟೀನು, ಎರೆಯ ಡಬ್ಬ, ಚಾಕು. ಮೀನು ಹಿಡಿಯುವ ಕೆಲಸ ನೀರಿನಲ್ಲಿ ಬಿಟ್ಟುಬಂದ ಹಗ್ಗದ್ದು. ದೋಣಿ ಅಲ್ಲಿಗೆ ಹೋಗಿಬರಲು ಮಾತ್ರ. ಹಗ್ಗದ ಬದಲು ಕೋಲುಗಾಳ ಬಳಕೆಗೆ ಬಂದಂತೆ ಮನುಷ್ಯ ರಾತ್ರಿಯೆಲ್ಲ ದೋಣಿಯಲ್ಲೇ ಕೂರಬೇಕಾಯಿತು. ಸಾಮಾನು ಸೇರತೊಡಗಿದ್ದು ಆಗ.

ಈ ನದಿಗಳಲ್ಲಿ ದೊಡ್ಡದಾಗಿ ಬೆಳೆಯುವ ಜಾತಿಗಳು ಮೂರು: ನೀಲಿ ಕ್ಯಾಟ್‌ಫಿಶ್, ಚಾನೆಲ್ ಕ್ಯಾಟ್‌ಫಿಶ್ ಮತ್ತು ಚಪ್ಪಟೆ ತಲೆಯ ಫ್ಲಾಟ್‌ಹೆಡ್. ಕರ್ನಾಟಕದ ಕೆರೆಗಳ ಚೇಳುಮೀನು, ಮುರುಗೋಡು ಇವುಗಳ ದೂರದ ನೆಂಟರು. ಹುರುಪೆಯಿಲ್ಲದ ನುಣುಪು ಮೈ, ಬಾಯಿಯ ಸುತ್ತ ಮೀಸೆ ಎಲ್ಲಕ್ಕೂ ಸಾಮಾನ್ಯ. ಮೀಸೆಯಲ್ಲಷ್ಟೇ ಅಲ್ಲ, ಇಡೀ ಚರ್ಮದ ಮೇಲೂ ರುಚಿಮೊಗ್ಗುಗಳಿರುವುದರಿಂದ ಕೆಸರುನೀರಿನ ಕತ್ತಲೆಯಲ್ಲಿ ಆಹಾರ ಹುಡುಕಲು ಇವುಗಳಿಗೆ ಕಣ್ಣಿನ ಹಂಗಿಲ್ಲ. ಗಾಳಿಚೀಲವನ್ನೂ ಒಳಕಿವಿಯನ್ನೂ ಸಣ್ಣ ಮೂಳೆಗಳ ಸಾಲೊಂದು ಜೋಡಿಸಿರುವುದರಿಂದ ಕಿವಿಯೂ ಚುರುಕು. ಫ್ಲಾಟ್‌ಹೆಡ್ ಹಗಲಿಡೀ ಮುಳುಗಿದ ಮರದ ದಿಮ್ಮಿಗಳ ಸಂದಿಯಲ್ಲಿ ಬಿದ್ದುಕೊಂಡಿದ್ದು, ಇರುಳಾದ ಮೇಲೆ ಜೀವಂತ ಮೀನುಗಳನ್ನು ಹುಡುಕಿಕೊಂಡು ಹೊರಬೀಳುತ್ತದೆ. ಕಸುಬು ರಾತ್ರಿಗೆ ಅಂಟಿಕೊಂಡದ್ದು ಇದರಿಂದ.

ಮೀನಿನ ಗಾತ್ರವೂ ಸಾಮಾನ್ಯದ್ದಲ್ಲ. 1673ರಲ್ಲಿ ಮಿಸಿಸಿಪ್ಪಿಗೆ ಇಳಿದ ಫ್ರೆಂಚ್ ಪಾದ್ರಿ ಮಾರ್ಕೆಟ್, ಭಾರಿ ಮೀನೊಂದು ತಮ್ಮ ದೋಣಿಗೆ ಬಂದು ಗುದ್ದಿದ್ದನ್ನು ಬರೆದಿಟ್ಟಿದ್ದಾನೆ. ಅದು ಕ್ಯಾಟ್‌ಫಿಶ್ ಇದ್ದಿರಬೇಕೆಂಬುದು ಅನಂತರದವರ ಊಹೆ. ಮಾರ್ಕ್ ಟ್ವೇನ್ ತಾನು 250 ಪೌಂಡಿನ ಮೀನು ನೋಡಿದ್ದಾಗಿ ಹೇಳಿಕೊಂಡಿದ್ದಾನೆ. ಟ್ವೇನನ ಲೆಕ್ಕವನ್ನು ಒಂದಿಷ್ಟು ಇಳಿಸಿಕೊಂಡು ಓದುವುದು ಕ್ಷೇಮ. ಆದರೂ 1879ರಲ್ಲಿ ಸೇಂಟ್ ಲೂಯಿಸ್ ಮಾರುಕಟ್ಟೆಯಲ್ಲಿ ಕೊಂಡು ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಕಳಿಸಿದ ಕ್ಯಾಟ್‌ಫಿಶ್ 150 ಪೌಂಡ್, ಎಂದರೆ ಸುಮಾರು 68 ಕಿಲೋ ತೂಗಿತ್ತು.

ಇಂಥ ಮೀನನ್ನು ಒಳಗೆಳೆದುಕೊಳ್ಳಲು ಒದಗಿದ್ದು ಜಾನ್‌ಬೋಟ್. ಚಪ್ಪಟೆ ತಳ, ಕತ್ತರಿಸಿಟ್ಟಂತಿರುವ ಚೌಕ ಮೂತಿ, ಹಲಗೆಗಳನ್ನು ಜೋಡಿಸಿದ ಸರಳ ಮೈ. ಊರ ಬಡಗಿಯೇ ಮಾಡಿಕೊಡಬಹುದಾಗಿತ್ತು. ತಳ ಚಪ್ಪಟೆಯಾದ್ದರಿಂದ ಗೇಣುದ್ದದ ನೀರಿನಲ್ಲೂ ತೇಲುತ್ತಿತ್ತು; ಒಂದೇ ಬದಿಗೆ ಬಾಗಿ ಹಗ್ಗ ಎತ್ತಿದರೂ ಸುಲಭಕ್ಕೆ ಮಗುಚುತ್ತಿರಲಿಲ್ಲ. ಹಲಗೆ ಒಣಗಿದರೆ ಸಂದು ಬಿಟ್ಟು ನೀರು ಒಸರುತ್ತಿದ್ದುದರಿಂದ ಅದನ್ನು ನೀರಿನಲ್ಲೇ ಇಡುವುದು ವಾಡಿಕೆ. ಆದ್ದರಿಂದ ಸಜ್ಜಿನ ಮೊದಲ ಸಾಮಾನು ಒಳನೀರನ್ನು ಮೊಗೆದು ಚೆಲ್ಲುವ ಡಬ್ಬ.

ಆ ದೋಣಿಯ ನಿಜವಾದ ಒಡೆಯ ಟ್ರಾಟ್‌ಲೈನ್ ಎಂಬ ಸಾಲುಗಾಳ. ಉದ್ದನೆಯ ಹಗ್ಗದ ಒಂದು ತುದಿಯನ್ನು ದಡದ ಮರದ ಬೇರಿಗೆ ಕಟ್ಟಿ, ಇನ್ನೊಂದಕ್ಕೆ ಕಲ್ಲನ್ನೋ ಗುಜರಿ ಕಬ್ಬಿಣವನ್ನೋ ಬಿಗಿದು ಹೊಳೆಯಲ್ಲಿ ಇಳಿಸುತ್ತಿದ್ದರು. ನಡುವೆ ಮೊಳಕ್ಕೊಂದರಂತೋ ಮಾರಿಗೊಂದರಂತೋ ಗಿಡ್ಡ ದಾರಗಳು, ದಾರದ ತುದಿಗೆ ಗಾಳ. ಹತ್ತಿಯ ಹಗ್ಗ ನೀರಿನಲ್ಲಿ ಬೇಗ ಕೊಳೆಯುವುದರಿಂದ ಡಾಂಬರಿನಲ್ಲಿ ಅದ್ದಿ ಒಣಗಿಸುತ್ತಿದ್ದರು. ಎರಡನೆಯ ಮಹಾಯುದ್ಧದ ಬಳಿಕ ನೈಲಾನ್ ಬಂದು ಆ ಶ್ರಮ ತಪ್ಪಿತು. ಸಂಜೆ ಎರೆ ಕಟ್ಟಿ ಬಂದವರು ರಾತ್ರಿ ಒಂದೆರಡು ಸಲ ಹೋಗಿ ಸಾಲನ್ನು ನೋಡಿಬರಬೇಕಿತ್ತು. ಒಬ್ಬಾತ ದೋಣಿಯ ಮೂತಿಯ ಬಳಿ ನಿಂತು ಹಗ್ಗವನ್ನು ಎತ್ತಿ ಹಿಡಿದು, ಕೈಗೆ ಕೈ ಜೋಡಿಸಿ ಎಳೆಯುತ್ತ ಮುಂದೆ ಸಾಗುತ್ತಿದ್ದ. ಹುಟ್ಟಿಗೆ ಕೆಲಸವೇ ಇರುತ್ತಿರಲಿಲ್ಲ. ಅಪಾಯವೆಲ್ಲ ಇದ್ದದ್ದು ಇಲ್ಲೇ. ಭಾರಿ ಮೀನು ಹಠಾತ್ತನೆ ತಳಕ್ಕೆ ಜಗ್ಗಿದರೆ ಪಕ್ಕದ ಗಾಳ ಅಂಗೈಗೋ ತೋಳಿಗೋ ಚುಚ್ಚಿ ಮನುಷ್ಯನನ್ನೇ ನೀರಿಗೆಳೆಯಬಹುದಿತ್ತು. ಆದ್ದರಿಂದಲೇ ಚಾಕು ಪೆಟ್ಟಿಗೆಯಲ್ಲಿರದೆ ಸೊಂಟದಲ್ಲಿರಬೇಕು ಎಂಬ ಕಟ್ಟುನಿಟ್ಟು. ಮೀನಿನ ಈಜುರೆಕ್ಕೆಯ ಮುಳ್ಳುಗಳು ಸೆಟೆದು ಗಟ್ಟಿಯಾಗಿ ನಿಲ್ಲುವುದರಿಂದ ಕತ್ತಲೆಯಲ್ಲಿ ಬರಿಗೈಯಿಂದ ಹಿಡಿಯುವುದೂ ಕಷ್ಟ. ಹಿಡಿಯುಳ್ಳ ಬಲೆ ಅಥವಾ ಕೊಕ್ಕೆಗೋಲು ಬೇಕಾಗುತ್ತಿತ್ತು.

ಬೆಳಕಿನ ಕಥೆ ಇದಕ್ಕೆ ಹೊಂದಿಕೊಂಡೇ ಬೆಳೆಯಿತು. ಓಝಾರ್ಕ್ ಬೆಟ್ಟಸೀಮೆಯಲ್ಲಿ ಈಟಿಯಿಂದ ಮೀನು ತಿವಿಯುವವರು ಕಬ್ಬಿಣದ ಬುಟ್ಟಿಯಲ್ಲಿ ಪೈನ್ ಮರದ ಗಂಟುಗಳನ್ನು ಉರಿಸಿ ನೀರಿನ ಒಳಗನ್ನೇ ಬೆಳಗಿಸುತ್ತಿದ್ದರು. ಸಾಲುಗಾಳದವರಿಗೆ ಅಷ್ಟು ಬೆಳಕು ಬೇಡ. ಗಾಳ ಎಲ್ಲಿದೆ, ಕೈ ಎಲ್ಲಿದೆ ಎಂದು ಕಂಡರೆ ಸಾಕು. ಸೀಮೆಎಣ್ಣೆ ಲಾಟೀನು ಅಷ್ಟನ್ನು ಮಾಡುತ್ತಿತ್ತು, ಆದರೆ ಒಂದು ಕೈಯನ್ನು ನುಂಗುತ್ತಿತ್ತು. 1892ರಲ್ಲಿ ಕ್ಯಾಲ್ಸಿಯಂ ಕಾರ್ಬೈಡ್ ತಯಾರಿಸುವ ಸುಲಭ ದಾರಿ ಸಿಕ್ಕಮೇಲೆ ಗಣಿಯವರ ಹಣೆದೀಪ ಬಂತು: ಕಾರ್ಬೈಡಿನ ಮೇಲೆ ನೀರು ತೊಟ್ಟಿಕ್ಕಿದರೆ ಅಸಿಟಲೀನ್ ಅನಿಲ ಹುಟ್ಟಿ ಬೆಳ್ಳಗೆ ಉರಿಯುತ್ತದೆ. ಎರಡೂ ಕೈ ಬಿಡುವಾದವು. ಕಾರ್ಬೈಡಿನ ಡಬ್ಬವನ್ನು ದೋಣಿಯಲ್ಲಿ ಒದ್ದೆಯಾಗದಂತೆ ಕಾಯುವುದು ಮಾತ್ರ ಹೊಸ ತಾಪತ್ರಯ. 1914ರಲ್ಲಿ ಕ್ಯಾನ್ಸಸ್‌ನ ವಿಚಿಟಾದಲ್ಲಿ ಕೋಲ್ಮನ್ ಕಂಪನಿ ಪೆಟ್ರೋಲಿನ ಲಾಟೀನು ಹೊರತಂದಿತು. ಅದು ಯಕ್ಷಗಾನದ ರಂಗಸ್ಥಳದಲ್ಲಿ ಉರಿಯುತ್ತಿದ್ದ ಗ್ಯಾಸ್‌ಲೈಟಿನ ಜಾತಿಯದೇ: ಪಂಪು ಹೊಡೆದು ಒತ್ತಡ ಕೊಟ್ಟು ಮ್ಯಾಂಟಲ್ ಬೆಳಗಿಸುವಂಥದ್ದು.

ಎಂಜಿನಿನ ವಿಷಯ ಚುಟುಕಾಗಿ ಹೇಳಬಹುದು. ನಾರ್ವೆಯಿಂದ ವಲಸೆ ಬಂದಿದ್ದ ಓಲೆ ಎವಿನ್‌ರೂಡ್ ಮಿಲ್ವಾಕಿಯಲ್ಲಿ 1909ರಲ್ಲಿ ಮಾರಲಾರಂಭಿಸಿದ ಹೊರಕಟ್ಟಿನ ಎಂಜಿನ್ ಒಂದೂವರೆ ಅಶ್ವಶಕ್ತಿಯದು, ತೂಕ 62 ಪೌಂಡ್. ಎರಡನೆಯ ಮಹಾಯುದ್ಧದ ನಂತರ, ವಿಮಾನಕ್ಕೆ ಬಳಕೆಯಾಗುತ್ತಿದ್ದ ಅಲ್ಯೂಮಿನಿಯಂ ದೋಣಿಗೂ ಬಂತು. ಹಗುರ, ಒಣಗಿದರೂ ಸೋರದು, ವಾಹನದ ಹಿಂದೆ ಕಟ್ಟಿಕೊಂಡು ಬೇರೆ ಊರಿನ ಹೊಳೆಗೂ ಒಯ್ಯಬಹುದು. ಕುಂದೆಂದರೆ ಸದ್ದು: ಒಂದು ಸೀಸದ ತುಂಡು ಬಿದ್ದರೂ ಇಡೀ ತಳ ಗಣಗುಟ್ಟುತ್ತದೆ. ಚುರುಕುಕಿವಿಯ ಮೀನಿನ ಬೇಟೆಗೆ ಇದು ಒಗ್ಗದೆ, ದೋಣಿಯೊಳಗೆ ಕಾರ್ಪೆಟ್ ಹಾಸುವ ರೂಢಿ ಬಂತು.

ಮನುಷ್ಯ ಇರುಳಿಡೀ ಕೂರಲು ತೊಡಗಿದ್ದೂ ಈ ಕಾಲದಲ್ಲೇ. ವಿರಾಮಕ್ಕೆ ಮೀನು ಹಿಡಿಯುವವರು ಹೆಚ್ಚಿದರು. ಸಾಲುಗಾಳಕ್ಕೆ ರಾಜ್ಯಗಳು ಗಾಳದ ಸಂಖ್ಯೆ, ಹೆಸರಿನ ಚೀಟಿ, ನೋಡಿಬರುವ ಗಡುವು ಎಂದೆಲ್ಲ ಮಿತಿ ಹಾಕಿದವು. ಕೋಲು ಬಂದಮೇಲೆ ಅದನ್ನು ಸಿಕ್ಕಿಸಿಡುವ ಗೂಟಗಳು, ಬೆನ್ನಿಗೆ ಒರಗು, ಎರೆಮೀನು ಸಾಯದಂತೆ ಗಾಳಿಯೂದುವ ತೊಟ್ಟಿ ಒಂದೊಂದಾಗಿ ಬಂದವು. ಫ್ಲಾಟ್‌ಹೆಡ್‌ಗೆ ಜೀವಂತ ಎರೆಯೇ ಹೆಚ್ಚು ಹಿತವಾದ್ದರಿಂದ ತೊಟ್ಟಿಯ ಪಂಪು ನಿಂತರೆ ಆ ರಾತ್ರಿಯೇ ವ್ಯರ್ಥ. 1950ರ ದಶಕದ ಕೊನೆಗೆ ಕಾರ್ಲ್ ಲೋರನ್ಸ್ ರೂಪಿಸಿದ, ಶಬ್ದದ ಪ್ರತಿಧ್ವನಿಯಿಂದ ಆಳವನ್ನೂ ಮೀನನ್ನೂ ತೋರಿಸುವ ಹಸಿರು ಪೆಟ್ಟಿಗೆ, ಮುಳುಗಿದ ದಿಮ್ಮಿಗಳ ಜಾಗವನ್ನು ಬಾಯಿಂದ ಬಾಯಿಗೆ ಕಾಪಾಡಿಕೊಂಡು ಬಂದಿದ್ದ ಮನೆತನಗಳ ಗುಟ್ಟನ್ನು ಅಂಗಡಿಯ ಸರಕು ಮಾಡಿತು. ಮುಂದೆ ನೇರಳಾತೀತ ದೀಪ ಬಂತು. ಅದರಡಿ ಹೊಳೆಯುವ ಬಣ್ಣದ ನೈಲಾನ್ ದಾರ ಕತ್ತಲೆಯಲ್ಲೂ ಗೆರೆಯಂತೆ ಕಾಣುತ್ತದೆ. ಮೀನು ಕಚ್ಚಿದ್ದನ್ನು ನೀರಿಗೆ ಬೆಳಕು ಚೆಲ್ಲದೆ ಕಣ್ಣಿಂದಲೇ ತಿಳಿಯಬಹುದಾಯಿತು.

ಆದರೆ ದೋಣಿ ಇತರರಿಗೆ ಕಾಣಬೇಕಾದ ಬೆಳಕೂ ಒಂದಿದೆ. 1910ರ ಮೋಟಾರು ದೋಣಿ ಕಾಯ್ದೆ 26 ಅಡಿಗಿಂತ ಚಿಕ್ಕ ಯಂತ್ರದೋಣಿಗೂ ದೀಪ ಕಡ್ಡಾಯ ಮಾಡಿತು: ಮುಂದೆ ಬಲಕ್ಕೆ ಹಸಿರು, ಎಡಕ್ಕೆ ಕೆಂಪು, ಹಿಂದೆ ಸುತ್ತಲೂ ಕಾಣುವ ಬಿಳಿ. 1930ರ ದಶಕದಲ್ಲಿ ಮೇಲಿನ ಮಿಸಿಸಿಪ್ಪಿಯನ್ನು ಅಣೆಕಟ್ಟು, ಲಾಕ್‌ಗೇಟುಗಳಿಂದ ಒಂಬತ್ತಡಿ ಆಳದ ಹಡಗುಹಾದಿಯಾಗಿ ಮಾರ್ಪಡಿಸಿದ ಮೇಲೆ ಈ ನಿಯಮಕ್ಕೆ ತೂಕ ಬಂತು. ಹದಿನೈದು ಬಾರ್ಜುಗಳನ್ನು ಒಟ್ಟಾಗಿ ಕಟ್ಟಿ ತಳ್ಳುವ ಟೋಬೋಟು ಬ್ರೇಕು ಒತ್ತಿ ನಿಲ್ಲುವ ವಾಹನವಲ್ಲ. ಆದ್ದರಿಂದ ಲಂಗರು ಹಾಕುವುದು ಹಡಗುಹಾದಿಯ ಹೊರಗೆ, ಬಿಳಿ ದೀಪ ಹೊತ್ತಿಸಿಟ್ಟುಕೊಂಡೇ. ಲಂಗರನ್ನು ಕಟ್ಟುವುದು ಮೂತಿಗೆ. ಎಂಜಿನಿನ ಭಾರಕ್ಕೆ ಮೊದಲೇ ತಗ್ಗಿರುವ ಹಿಂಬದಿಗೆ ಕಟ್ಟಿದರೆ ಸೆಳವು ಅದನ್ನು ಇನ್ನಷ್ಟು ಒತ್ತಿ ದೋಣಿಗೆ ನೀರು ತುಂಬಿಸುತ್ತದೆ. ತೇಲುಬುರುಡೆ ಕಟ್ಟಿದ ಲಂಗರುಹಗ್ಗವಾದರೆ ಬಾರ್ಜು ಬಂದಾಗ ಅಥವಾ ದೊಡ್ಡ ಮೀನಿನ ಹಿಂದೆ ಹೋಗಬೇಕಾದಾಗ ಒಂದೇ ಬಾರಿಗೆ ಕಳಚಿ ಬಿಟ್ಟು, ಆಮೇಲೆ ಬಂದು ಎತ್ತಿಕೊಳ್ಳಬಹುದು.