ನಮ್ಮ ಸಂಘದ ಮೊದಲ ಕಂಪ್ಯೂಟರು

ಈಗಿನ ಹುಡುಗರು ಜೇಬಿನಲ್ಲಿಟ್ಟುಕೊಂಡು ತಿರುಗುವ ಫೋನಿನ ಶಕ್ತಿಯಲ್ಲಿ ಸಾವಿರದಲ್ಲೊಂದು ಪಾಲೂ ಇಲ್ಲದ ಒಂದು ಪೆಟ್ಟಿಗೆಯನ್ನು ತರಲು ನಾವು ಮೂರು ಜನ ಬೆಂಗಳೂರಿಗೆ ಹೋಗಿದ್ದೆವು. 2002ನೇ ಇಸವಿ. ಎಸ್.ಪಿ. ರಸ್ತೆಯಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ 486 ಕಂಪ್ಯೂಟರು ಅದು. ರೈಲಿನಲ್ಲಿ ಅರಸೀಕೆರೆಗೆ ತಂದು, ಬಾಣಾವರ, ಜಾವಗಲ್ ಮೇಲೆ ಹಳೇಬೀಡಿಗೆ ಹೋಗುವ ಬಸ್ಸಿನಲ್ಲಿ ಮಾನಿಟರನ್ನು ಕೈಗೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಊರು ಮುಟ್ಟಿಸಿದೆವು. ಕಂಡಕ್ಟರು "ಟೀವಿಗೆ ಲಗೇಜ್ ಕೊಡ್ಬೇಕು" ಎಂದ. ಟೀವಿಯಲ್ಲ ಕಣಪ್ಪ ಅಂದರೆ ಕೇಳಲಿಲ್ಲ. ಕೊಟ್ಟೆವು.

ತೆಂಗಿನ ಸೀಮೆಯಲ್ಲವೇ ನಮ್ಮದು, ಕಾಯಿ ಒಡೆದೇ ಒಳಗೆ ಬರಮಾಡಿಕೊಂಡದ್ದು. ಯಾರೋ ಭಕ್ತಿ ಹೆಚ್ಚಾಗಿ ಮಾನಿಟರಿನ ಗಾಜಿಗೇ ಮೂರು ಪಟ್ಟೆ ವಿಭೂತಿ ಎಳೆದರು. ಒರೆಸಲು ಯಾರಿಗೂ ಧೈರ್ಯವಾಗದೆ ಒಂದು ವಾರ ಹಾಗೆಯೇ ಇತ್ತು.

ಇತಿಹಾಸ ಹೇಳುವುದಾದರೆ, ಐಬಿಎಂ ಕಂಪನಿಯವರು 1981ರ ಆಗಸ್ಟ್‌ನಲ್ಲಿ ತಮ್ಮ ಪರ್ಸನಲ್ ಕಂಪ್ಯೂಟರನ್ನು ಹೊರತಂದರು. ಅದನ್ನು ನಡೆಸುವ ಡಾಸ್ ಎಂಬ ವ್ಯವಸ್ಥೆಯನ್ನು ಒದಗಿಸಿದ್ದು ಮೈಕ್ರೋಸಾಫ್ಟ್. ಚಿತ್ರವಿಲ್ಲ, ಬಣ್ಣದ ಕಿಟಕಿಯಿಲ್ಲ. ಕಪ್ಪು ಪರದೆಯ ಮೇಲೆ 'ಸಿ' ಎಂಬ ಅಕ್ಷರ, ಅದರ ಮುಂದೆ ಮಿಣುಕುವ ಒಂದು ಗೆರೆ, ಅಷ್ಟೆ. ಏನು ಬೇಕೋ ಅದನ್ನು ಇಂಗ್ಲಿಷಿನಲ್ಲಿ ಒಂದಕ್ಷರ ತಪ್ಪದೆ ಟೈಪು ಮಾಡಬೇಕು. 1995ರ ಆಗಸ್ಟ್ 24ರಂದು ವಿಂಡೋಸ್ 95 ಬಂದಿತು, 2001ರಲ್ಲಿ ಎಕ್ಸ್‌ಪಿ ಬಂದಿತು. ಪೇಟೆಯವರು ಮೌಸ್ ಆಡಿಸುತ್ತಿದ್ದ ಆ ಕಾಲಕ್ಕೂ ನಮ್ಮದು ಡಾಸ್, ಅದರ ಮೇಲೆ ಫಾಕ್ಸ್‌ಪ್ರೋದಲ್ಲಿ ಬರೆಸಿದ ಸಾಲದ ಲೆಕ್ಕ.

ಅದಕ್ಕೆ ಕನ್ನಡ ಬಾರದು. ಸದಸ್ಯರ ಹೆಸರುಗಳೆಲ್ಲ ಇಂಗ್ಲಿಷಿನಲ್ಲಿ. ಕಾಳೇಗೌಡರು ಕಲ್ಲೇಗೌಡರು ಒಬ್ಬರೇ ಆಗಿ, ಇವರ ಸಾಲ ಅವರ ಖಾತೆಗೆ ಬಿದ್ದು ಜಗಳವಾದದ್ದುಂಟು. ಕನ್ನಡಕ್ಕೆ ದಾರಿ ಇರಲಿಲ್ಲವೆಂದಲ್ಲ. ಕೆ.ಪಿ. ರಾವ್ ಅವರು ಕೀಲಿಮಣೆಯ ಕ್ರಮವನ್ನು ರೂಪಿಸಿಕೊಟ್ಟಿದ್ದರು, 1998ರಲ್ಲಿ ಶೇಷಾದ್ರಿ ವಾಸು ಅವರ 'ಬರಹ' ಬಂದಿತ್ತು, ಕನ್ನಡ ಗಣಕ ಪರಿಷತ್ತಿನ 'ನುಡಿ'ಯೂ ಬಂದಿತ್ತು. ಅವೆಲ್ಲ ವಿಂಡೋಸ್ ಇದ್ದವರಿಗೆ. ಅದೇ ಸುಮಾರಿಗೆ 'ಭೂಮಿ' ಯೋಜನೆಯಲ್ಲಿ ತಾಲ್ಲೂಕು ಕಚೇರಿಯಿಂದ 15 ರೂಪಾಯಿಗೆ ಕನ್ನಡದ ಪಹಣಿ ಪ್ರಿಂಟಾಗಿ ಬರತೊಡಗಿತು. ರೈತರು ಅದನ್ನು ನಮ್ಮ ಮೇಜಿನ ಮೇಲಿಟ್ಟು "ಅವರ ಮಿಷನ್ಗೆ ಕನ್ನಡ ಬರುತ್ತೆ, ನಿಮ್ಮದ್ಯಾಕೆ ಹಿಂಗೆ?" ಎಂದರೆ ನಮ್ಮಲ್ಲಿ ಉತ್ತರವಿಲ್ಲ.

ದಿನಾ ಸಂಜೆ ಲೆಕ್ಕವನ್ನೆಲ್ಲ ಫ್ಲಾಪಿಗೆ ಇಳಿಸಿ ಬೀರುವಿನಲ್ಲಿಡುತ್ತಿದ್ದೆವು. ಒಂದು ಫ್ಲಾಪಿಗೆ 1.44 ಎಂಬಿ, ಈಗಿನ ಒಂದು ಫೋಟೋ ಕೂಡ ಹಿಡಿಸುವುದಿಲ್ಲ. ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿದು ಅರ್ಧಕ್ಕರ್ಧ ಕೆಟ್ಟವು. ಬೇಲೂರಿನ ಗುಡಿಯಲ್ಲಿ 1117ರ ಶಾಸನವನ್ನು ಈಗಲೂ ಓದುತ್ತಾರೆ, ನಮ್ಮ 2003ರ ಫ್ಲಾಪಿಯನ್ನು ಮಾತ್ರ ಯಾರೂ ಓದಲಾರರು.

ಇನ್ನು ನಮಗೆ ನಾಚಿಕೆ ತಂದ ಸಂಗತಿಯನ್ನೂ ಇಲ್ಲಿ ಬರೆಯಬೇಕು. ಕಂಪ್ಯೂಟರಿನೊಳಗೆ ಗಡಿಯಾರ ನಡೆಸಲು ಒಂದು ಸಣ್ಣ ಬ್ಯಾಟರಿ ಇರುತ್ತದೆ. ನಮ್ಮದು ಹಳೇ ಮಾಲು, ಬ್ಯಾಟರಿ ಸತ್ತಿತ್ತು. ಕರೆಂಟು ಹೋಗಿ ಬಂದರೆ ಅದಕ್ಕೆ ಇಸವಿಯೇ ಮರೆತು 1980ರ ಜನವರಿ 1 ಎಂದು ತೋರಿಸುತ್ತಿತ್ತು. ಡಾಸಿನ ಪಂಚಾಂಗ ಶುರುವಾಗುವುದೇ ಅಲ್ಲಿಂದ. ಪ್ರತಿಸಲ ನಾವು ತಾರೀಖು ಸರಿಪಡಿಸಬೇಕು. ಕರೆಂಟು ದಿನಕ್ಕೆ ಹತ್ತು ಸಲ ಹೋಗುವ ಊರಿನಲ್ಲಿ ಒಂದು ದಿನ ಮರೆತೆವು. ಅಂದು ಸಾಲದ ಕಂತು ಕಟ್ಟಿದ ಒಬ್ಬ ಅಜ್ಜಿಯ ಹಣ 1980ಕ್ಕೆ ಜಮೆಯಾಯಿತು. ಸಾಲ ಕೊಟ್ಟದ್ದು 2002ರಲ್ಲಿ, ಅದಕ್ಕೂ ಹಿಂದಿನ ಜಮೆಯನ್ನು ಲೆಕ್ಕ ಹಿಡಿಯಲೇ ಇಲ್ಲ. ಮೂರು ತಿಂಗಳ ಮೇಲೆ ಆಕೆಗೆ ಸುಸ್ತಿ ನೋಟೀಸು ಹೋಯಿತು.

ಅಜ್ಜಿ ಬಂದವಳು ಕೂಗಾಡಲಿಲ್ಲ. ಸೆರಗಿನ ಗಂಟು ಬಿಚ್ಚಿ ರಸೀತಿ ತೆಗೆದು, "ಏನಪ್ಪಾ, ನಿಮ್ ಮಿಷನ್ನು ನನ್ ದುಡ್ ನುಂಗ್ತಾ?" ಎಂದಳು. ರಸೀತಿಯ ಮೇಲೆ 01-01-80. ಆ ತಾರೀಖಿನಲ್ಲಿ ಸಂಘವೇ ಹುಟ್ಟಿರಲಿಲ್ಲ! ನಿರ್ದೇಶಕರೊಬ್ಬರು ರಸೀತಿಯನ್ನೇ ಅನುಮಾನಿಸಿದರು. ಆಗ ನಮ್ಮ ಕಾರ್ಯದರ್ಶಿಗಳು ಸುಮ್ಮನೆ ಎದ್ದುಹೋಗಿ ರೋಜು ಪುಸ್ತಕ ತಂದರು. ಕಂಪ್ಯೂಟರು ಬಂದ ಮೇಲೂ ಅವರು ದಿನವೂ ಕೈಯಲ್ಲಿ ಬರೆಯುವುದನ್ನು ಬಿಟ್ಟಿರಲಿಲ್ಲ. ಅದಕ್ಕಾಗಿ ನಾವು ಅವರನ್ನು ಹಾಸ್ಯ ಮಾಡಿದ್ದೂ ಉಂಟು. ಸರಿಯಾದ ತಾರೀಖಿನಡಿ, ನೀಲಿ ಶಾಯಿಯಲ್ಲಿ, ಅಜ್ಜಿಯ ಹೆಸರು ಕನ್ನಡದಲ್ಲಿತ್ತು. ನೋಟೀಸು ವಾಪಸಾಯಿತು, ಬಡ್ಡಿ ತಿದ್ದಲಾಯಿತು. ನಾವೇ ಅವರ ಮನೆಗೆ ಹೋಗಿ ತಪ್ಪಾಯಿತೆಂದು ಹೇಳಿ ಬಂದೆವು.

2022ರಲ್ಲಿ ಕೇಂದ್ರ ಸರ್ಕಾರವು ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗೆ ಒಂದೇ ತಂತ್ರಾಂಶ ಹಾಕುವ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಈಗಿನ ಯಂತ್ರಗಳು ತಾರೀಖು ಮರೆಯುವುದು ಅಪರೂಪ.

ನಮ್ಮ 486 ಗೊಬ್ಬರದ ಗೋಡೌನಿನಲ್ಲಿದೆ. ರಜತೋತ್ಸವದ ದಿನ ಒರೆಸಿ ಕಚೇರಿಯ ಮೇಜಿನ ಮೇಲಿಡುತ್ತೇವೆ, ಬಂದು ನೋಡಿ, ಸ್ವಿಚ್ ಮಾತ್ರ ಹಾಕಬೇಡಿ. ಯಾರ ಮನೆಯಲ್ಲಾದರೂ 1980ರ ತಾರೀಖಿನ ಸಂಘದ ರಸೀತಿ ಇನ್ನೂ ಉಳಿದಿದ್ದರೆ ದಯಮಾಡಿ ಅವತ್ತು ತನ್ನಿ. ರೋಜು ಪುಸ್ತಕವನ್ನೂ ಅಲ್ಲೇ ಇಟ್ಟಿರುತ್ತೇವೆ, ತಾಳೆ ನೋಡೋಣ.